ಬೀಳುತ್ತಲೇ ಇರುವ ಭೂಮಿಗೆ ಬ್ರೇಕ್ ಹಾಕುವವರು ಯಾರು?

ಪ್ರಶ್ನೆ: ಭೂಮಿ ಸೂರ್ಯನ ಸುತ್ತ ಮುಕ್ತಪತನದಲ್ಲಿದೆ, ಮುಕ್ತಪತನದಲ್ಲಿರುವ ವಸ್ತುವಿಗೆ ಯಾವ ಬಲವೂ ತಟ್ಟುವುದಿಲ್ಲ ಎಂದು ಕಲಿತಿದ್ದೇವೆ. ಆದರೆ ಒಂದನ್ನೊಂದು ಸುತ್ತುವ ಎರಡು ಕಾಯಗಳು ಗುರುತ್ವದ ಅಲೆಗಳನ್ನು ಹೊಮ್ಮಿಸಿ ಹತ್ತಿರ ಹತ್ತಿರ ಬರುತ್ತವೆ ಎಂದೂ ಓದುತ್ತೇವೆ. ಬಲವೇ ಇಲ್ಲದಿದ್ದರೆ ಕಕ್ಷೆ ಕುಗ್ಗುವುದು ಹೇಗೆ? ಭೂಮಿ ಒಂದು ದಿನ ಸೂರ್ಯನೊಳಗೆ ಬೀಳುತ್ತದೆಯೇ? ಇದನ್ನು ನಾವೇ ಲೆಕ್ಕ ಹಾಕಬಹುದೇ? ಎರಡೇ ಕಾಯಗಳಾದರೂ ಐನ್‌ಸ್ಟೈನ್ ಸಮೀಕರಣಕ್ಕೆ ಪೂರ್ಣ ಉತ್ತರ ಇಲ್ಲವಂತೆ, ಯಾಕೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಬಸವನಗುಡಿ, ಬೆಂಗಳೂರು

ಉತ್ತರ: ಮೊದಲು ಅಂಕಿ ನೋಡೋಣ, ತಕರಾರು ಆಮೇಲೆ.

ಸೂರ್ಯ ಮತ್ತು ಭೂಮಿ ಸೇರಿ ಗುರುತ್ವದ ಅಲೆಯ ರೂಪದಲ್ಲಿ ಕಳೆದುಕೊಳ್ಳುವುದು ಸುಮಾರು 196 ವ್ಯಾಟ್. ಮನೆಯ ಮಿಕ್ಸಿ 500ರಿಂದ 750 ವ್ಯಾಟ್ ಎಳೆಯುತ್ತದೆ. ಅಂದರೆ ಇಡೀ ಭೂಗೋಳ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸುತ್ತಿದರೂ ಹೊಮ್ಮುವ ಅಲೆಯಲ್ಲಿ ಒಂದು ಮಿಕ್ಸಿ ಕೂಡ ಓಡದು. ಗುರು ಗ್ರಹದ ಲೆಕ್ಕ ಸ್ವಲ್ಪ ಮೇಲು, ಸುಮಾರು 5,200 ವ್ಯಾಟ್. ಒಂದೆರಡು ಮನೆಗಳ ಗೀಸರ್ ಓಡಿಸುವಷ್ಟು. 196 ವ್ಯಾಟ್ ನಷ್ಟದಿಂದ ಭೂಮಿಯ ಕಕ್ಷೆ ವರ್ಷಕ್ಕೆ ಕುಗ್ಗುವುದು 3.5×10⁻¹³ ಮೀಟರ್. ದಿನಕ್ಕೆ ಎಂದು ಭಾಗಿಸಿದರೆ ಸುಮಾರು ಒಂದು ಪ್ರೋಟಾನಿನ ತ್ರಿಜ್ಯದಷ್ಟು. ಇದೊಂದೇ ಕಾರಣದಿಂದ ಭೂಮಿ ಸೂರ್ಯನನ್ನು ಮುಟ್ಟಬೇಕಾದರೆ ಸುಮಾರು 10²³ ವರ್ಷ ಬೇಕು. ಅಷ್ಟರೊಳಗೆ ಸೂರ್ಯನೇ ಇರುವುದಿಲ್ಲ. ನಿಜವಾಗಿ ನೋಡಿದರೆ ಭೂಮಿ ಈಗ ದೂರ ಸರಿಯುತ್ತಿದೆ: ಸೂರ್ಯ ಬೆಳಕಾಗಿ ಸೆಕೆಂಡಿಗೆ 400 ಕೋಟಿ ಕೆ.ಜಿ.ಗೂ ಹೆಚ್ಚು ರಾಶಿಯನ್ನು ಕಳೆದುಕೊಳ್ಳುತ್ತಾನೆ, ಆ ಒಂದು ಕಾರಣಕ್ಕೇ ಕಕ್ಷೆ ವರ್ಷಕ್ಕೆ ಸುಮಾರು 1 ಸೆಂ.ಮೀ. ಹಿಗ್ಗುತ್ತದೆ. ಗುರುತ್ವದ ಅಲೆಯ ಎಳೆತಕ್ಕಿಂತ ಅದು ಸಾವಿರಾರು ಕೋಟಿ ಪಟ್ಟು ದೊಡ್ಡದು. ಹಾಗಾಗಿ ಎರಡನೆಯ ಪ್ರಶ್ನೆಯನ್ನು ಇಲ್ಲಿಗೇ ಬಿಡಬಹುದು.

ಲೆಕ್ಕದ ದಾರಿ ಕಷ್ಟವಿಲ್ಲ. ಎರಡು ರಾಶಿಗಳು ಎಂ1, ಎಂ2, ಅವುಗಳ ನಡುವಿನ ದೂರ ಆರ್, ಸುತ್ತುವ ಕೋನವೇಗ ಒಮೆಗಾ, ನ್ಯೂಟನ್ನರ ಸ್ಥಿರಾಂಕ ಜಿ, ಬೆಳಕಿನ ವೇಗ ಸಿ. ಎರಡು ರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವ ‘ತಗ್ಗಿಸಿದ ರಾಶಿ’ ಮ್ಯೂ. ವೃತ್ತಾಕಾರದ ಕಕ್ಷೆಗೆ:

ಹೊಮ್ಮುವ ಶಕ್ತಿಯ ದರ = (32/5) × (ಜಿ/ಸಿ⁵) × ಮ್ಯೂ² × ಆರ್⁴ × ಒಮೆಗಾ⁶

ಕೆಪ್ಲರನ ಮೂರನೆಯ ನಿಯಮ ಒಮೆಗಾ² = ಜಿ(ಎಂ1+ಎಂ2)/ಆರ್³. ಅದನ್ನು ಇಲ್ಲಿ ಹಾಕಿದರೆ:

ದರ = (32/5) × (ಜಿ⁴/ಸಿ⁵) × ಎಂ1² × ಎಂ2² × (ಎಂ1+ಎಂ2) / ಆರ್⁵

ಸೂರ್ಯನಿಗೆ 1.989×10³⁰ ಕೆ.ಜಿ., ಭೂಮಿಗೆ 5.972×10²⁴ ಕೆ.ಜಿ., ದೂರಕ್ಕೆ 1.496×10¹¹ ಮೀಟರ್ ಹಾಕಿ ನೋಡಿ, 196 ಬರುತ್ತದೆ. ಸಾಮಾನ್ಯ ಕ್ಯಾಲ್ಕುಲೇಟರ್‌ನಲ್ಲಿ 10ರ ಘಾತ 99 ದಾಟಿದರೆ ಲೆಕ್ಕ ಕೆಡುತ್ತದೆ. ಇಲ್ಲಿ ನಡುವೆ 10¹⁴⁰ ಬರುವುದರಿಂದ ಘಾತಗಳನ್ನು ಕಾಗದದ ಮೇಲೆ ಬೇರೆಯಾಗಿ ಕೂಡಿಕೊಳ್ಳಿ. ಕಕ್ಷೆಯ ಒಟ್ಟು ಶಕ್ತಿ ಋಣ ಜಿ×ಎಂ1×ಎಂ2/(2ಆರ್). ಅದನ್ನು ಮೇಲಿನ ದರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಕೂಡಿಕೊಳ್ಳಲು ಬೇಕಾದ ಸಮಯ ಸಿಗುತ್ತದೆ. ನಾಲ್ಕು ಯಾಕೆಂದರೆ, ದೂರ ಕಡಿಮೆಯಾದಂತೆ ದರ ಐದನೆಯ ಘಾತದಲ್ಲಿ ಏರುತ್ತದೆ. ಕೊನೆಯ ಓಟ ಬಹಳ ಬೇಗ ಮುಗಿಯುತ್ತದೆ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಶಕ್ತಿ ಕಳೆದುಕೊಂಡ ಕಾಯ ನಿಧಾನವಾಗಬೇಕಲ್ಲ ಎಂದುಕೊಂಡು ಲೆಕ್ಕ ಹಾಕುತ್ತಾರೆ. ಕಕ್ಷೆಯಲ್ಲಿ ಹಾಗಲ್ಲ. ಒಳಗೆ ಜಾರಿದಾಗ ಬಿಡುಗಡೆಯಾಗುವ ಸ್ಥಿತಿಶಕ್ತಿಯಲ್ಲಿ ಅರ್ಧ ಅಲೆಯಾಗಿ ಹೋಗುತ್ತದೆ, ಇನ್ನರ್ಧ ವೇಗವಾಗಿ ಉಳಿಯುತ್ತದೆ. ಶೀರ್ಷಿಕೆಯಲ್ಲಿ ‘ಬ್ರೇಕ್’ ಎಂದಿದ್ದರೂ, ಈ ಬ್ರೇಕ್ ಹಾಕಿದಷ್ಟೂ ಗಾಡಿ ಜೋರಾಗಿ ಓಡುತ್ತದೆ.

ಈಗ ಸೂತ್ರ ಬಂದ ದಾರಿ. ಒಂದು ವ್ಯವಸ್ಥೆ ದೂರದವರೆಗೆ ಅಲೆ ಕಳಿಸಬೇಕಾದರೆ ಅದರಲ್ಲಿ ಏನಾದರೂ ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಒಟ್ಟು ರಾಶಿ ಬದಲಾಗುವುದಿಲ್ಲ, ಆದ್ದರಿಂದ ಏಕಧ್ರುವ ಅಲೆ ಇಲ್ಲ. ವಿದ್ಯುತ್ತಿನಲ್ಲಿ ಮುಂದಿನ ಮೆಟ್ಟಿಲಾದ ದ್ವಿಧ್ರುವವೇ ಮುಖ್ಯ: ಆಂಟೆನಾದಲ್ಲಿ ಎಲೆಕ್ಟ್ರಾನುಗಳು ಮೇಲೆ ಕೆಳಗೆ ಓಡಾಡಿದರೆ ಸಾಕು, ರೇಡಿಯೋ ಅಲೆ ಹೊರಡುತ್ತದೆ. ಗುರುತ್ವದಲ್ಲಿ ರಾಶಿಯ ದ್ವಿಧ್ರುವ ಅಂದರೆ ರಾಶಿಕೇಂದ್ರ. ಅದರ ಬದಲಾವಣೆಯ ದರ ಒಟ್ಟು ಸಂವೇಗ, ಸಂವೇಗವೋ ಸಂರಕ್ಷಿತ. ಭೂಮಿ ಎಡಕ್ಕೆ ಹೋದರೆ ಸೂರ್ಯ ಅಷ್ಟೇ ಸಂವೇಗದಿಂದ ಬಲಕ್ಕೆ ಹೋಗುತ್ತಾನೆ. ಎರಡರ ಅಲೆಗಳೂ ಸರಿಯಾಗಿ ವಜಾ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಕೋನೀಯ ಸಂವೇಗ ಸಂರಕ್ಷಿತವಾದ್ದರಿಂದ ಕಾಂತೀಯ ದ್ವಿಧ್ರುವಕ್ಕೆ ಸಮನಾದದ್ದೂ ಇಲ್ಲ. ಉಳಿಯುವುದು ಮೂರನೆಯ ಮೆಟ್ಟಿಲು, ಚತುರ್ಧ್ರುವ: ರಾಶಿ ಗೋಳಾಕಾರದಿಂದ ಎಷ್ಟು, ಯಾವ ದಿಕ್ಕಿಗೆ ಉದ್ದವಾಗಿದೆ ಎಂಬುದರ ಅಳತೆ. ಗುರುತ್ವದ ಅಲೆ ಇಷ್ಟು ದುರ್ಬಲವಾಗಿರುವುದಕ್ಕೆ ಇದೇ ಕಾರಣ.

ಎರಡು ಕಾಯಗಳನ್ನು ಒಂದು ಡಂಬೆಲ್‌ನಂತೆ ಕಲ್ಪಿಸಿಕೊಳ್ಳಿ. ಅರ್ಧ ಸುತ್ತು ತಿರುಗಿದರೆ ಅದು ಮತ್ತೆ ಮೊದಲಿನಂತೆಯೇ ಕಾಣುತ್ತದೆ. ಹಾಗಾಗಿ ಅಲೆಯ ಆವರ್ತಾಂಕ ಕಕ್ಷೆಯ ಆವರ್ತಾಂಕದ ಎರಡು ಪಟ್ಟು. ಭೂಮಿಯ ಅಲೆಗೆ ಅವಧಿ ಆರು ತಿಂಗಳು. ಚತುರ್ಧ್ರುವದ ಮೂರನೆಯ ಕಾಲ-ಅವಕಲನದ ವರ್ಗಕ್ಕೆ ಶಕ್ತಿಯ ದರ ಅನುಪಾತದಲ್ಲಿರುತ್ತದೆ. ಒಮೆಗಾದ ಆರನೆಯ ಘಾತ ಬಂದದ್ದು ಅಲ್ಲಿಂದ. ಬೇರೆ ಬೇರೆ ಪುಸ್ತಕಗಳು ಚತುರ್ಧ್ರುವವನ್ನು ಬೇರೆ ಬೇರೆ ಗುಣಕದಿಂದ ಬರೆಯುತ್ತವೆ. ಒಂದರಲ್ಲಿ ಮುಂದೆ 1/5 ಇದ್ದರೆ ಇನ್ನೊಂದರಲ್ಲಿ 1/45 ಇರುತ್ತದೆ. ಒಂದರ ವ್ಯಾಖ್ಯೆಯನ್ನು ಇನ್ನೊಂದರ ಸೂತ್ರಕ್ಕೆ ಹಾಕಿದರೆ ಉತ್ತರ 9 ಪಟ್ಟು ತಪ್ಪುತ್ತದೆ. ಭೂಮಿಯದೊಂದೇ ಚತುರ್ಧ್ರುವ ತೆಗೆದುಕೊಂಡು ಸೂರ್ಯನನ್ನು ಮರೆತರೆ ಇಲ್ಲೇನೂ ದೊಡ್ಡ ತಪ್ಪಾಗದು. ಸಮಾನ ರಾಶಿಯ ಜೋಡಿಯಲ್ಲಿ ಅದೇ ತಪ್ಪು ಲೆಕ್ಕವನ್ನೇ ಕೆಡಿಸುತ್ತದೆ.

ಬಲವಿಲ್ಲದೆ ಕುಗ್ಗುವುದು ಹೇಗೆ

ಇದು ನಿಮ್ಮ ಪ್ರಶ್ನೆಯ ಜೀವ. ಭೂಮಿಯ ಮೇಲೆ ಕುಳಿತ ಯಾವ ಉಪಕರಣಕ್ಕೂ ಈ ಎಳೆತ ‘ತಟ್ಟುವುದಿಲ್ಲ’ ಎಂಬ ನಿಮ್ಮ ಮಾತು ಸರಿ. ತಪ್ಪು ಇರುವುದು ಬೇರೆಡೆ: ಭೂಮಿ ಸೂರ್ಯನೊಬ್ಬನ ದೇಶಕಾಲದಲ್ಲಿ ಬೀಳುತ್ತಿದೆ ಎಂದು ನಾವು ಹೇಳದೇ ಊಹಿಸಿಬಿಡುತ್ತೇವೆ. ಕೈಯಿಂದ ಬಿಟ್ಟ ಕಲ್ಲಿನಂಥ ಪರೀಕ್ಷಾ ಕಣಕ್ಕೆ ಮಾತ್ರ ಆ ಊಹೆ ಸಲ್ಲುತ್ತದೆ. ಭೂಮಿಗೆ ತನ್ನದೇ ರಾಶಿ ಇದೆ, ಅದೂ ದೇಶಕಾಲವನ್ನು ಬಾಗಿಸುತ್ತದೆ. ಆ ಬಾಗು ಬೆಳಕಿನ ವೇಗದಲ್ಲಿ ಹರಡಿ, ಸೂರ್ಯನ ಬಾಗಿನೊಂದಿಗೆ ಬೆರೆತು, ಸ್ವಲ್ಪ ಭಾಗ ಭೂಮಿ ಇರುವ ಜಾಗಕ್ಕೇ ಮರಳುತ್ತದೆ. ಭೂಮಿ ಮುಕ್ತವಾಗಿ ಬೀಳುವುದು ಈ ಕೂಡಿದ ದೇಶಕಾಲದಲ್ಲಿ. ಸೂರ್ಯನೊಬ್ಬನೇ ಇದ್ದಿದ್ದರೆ ಯಾವ ದಾರಿ ಇರುತ್ತಿತ್ತೋ, ಈ ದಾರಿ ಅದಕ್ಕಿಂತ ಕೂದಲೆಳೆಯಷ್ಟು ಒಳಗೆ ಬಾಗಿದೆ. 2003ರಲ್ಲಿ ಡೆಟ್‌ವೈಲರ್ ಮತ್ತು ವೈಟಿಂಗ್ ಈ ಮಾತಿಗೆ ಖಚಿತ ಗಣಿತರೂಪ ಕೊಟ್ಟರು: ಕಾಯದ ಸ್ವಂತ ಕ್ಷೇತ್ರವನ್ನು ಎರಡು ಭಾಗ ಮಾಡಿ, ಅನಂತಕ್ಕೆ ಏರುವ ಭಾಗವನ್ನು ಕಳೆದರೆ, ಉಳಿದ ನಯವಾದ ಭಾಗವನ್ನೂ ಸೇರಿಸಿದ ದೇಶಕಾಲದಲ್ಲಿ ಸಣ್ಣ ಕಾಯ ಸರಿಯಾಗಿ ಮುಕ್ತಪತನದ ದಾರಿಯನ್ನೇ ಹಿಡಿಯುತ್ತದೆ. ಬಲವಿಲ್ಲ, ಆದರೂ ಕಕ್ಷೆ ಕುಗ್ಗುತ್ತದೆ, ಎರಡಕ್ಕೂ ವಿರೋಧವಿಲ್ಲ.

ಹಾಗಾದರೆ ಗುರುತ್ವ ತಡವಾಗಿ ತಲುಪುವುದರಿಂದಲೇ ಈ ಎಳೆತ ಬರುತ್ತದೆ ಎನ್ನಬಹುದೇ? ಹೇಳುತ್ತಾರೆ, ಆದರೆ ಹಾಗೇ ಲೆಕ್ಕ ಹಾಕಿದರೆ ಉತ್ತರ ತಲೆಕೆಳಗು. ಸಮಾನ ರಾಶಿಯ ಎರಡು ನಕ್ಷತ್ರಗಳು ಒಂದೇ ವೃತ್ತದ ಎದುರುಬದುರು ತುದಿಗಳಲ್ಲಿ ಓಡುತ್ತಿವೆ ಎನ್ನಿ. ಸೆಳೆತ ತಡವಾಗಿ ಬಂದರೆ ಮೊದಲನೆಯದು ಎರಡನೆಯದನ್ನು ಅದು ಈಗಿರುವ ಜಾಗದಲ್ಲಿ ಅಲ್ಲ, ಸ್ವಲ್ಪ ಹಿಂದೆ ಇದ್ದ ಜಾಗದಲ್ಲಿ ಕಾಣುತ್ತದೆ. ಚಿತ್ರ ಬರೆದು ನೋಡಿ, ಆ ಸೆಳೆತಕ್ಕೆ ಓಟದ ದಿಕ್ಕಿನಲ್ಲೇ ಒಂದು ಸಣ್ಣ ಅಂಶ ಸಿಗುತ್ತದೆ. ಅಂದರೆ ತಳ್ಳು ಮುಂದಕ್ಕೆ, ಕಕ್ಷೆ ಹಿಗ್ಗಬೇಕು! ಅದೂ ವೇಗ/ಸಿ ಎಂಬ ಮೊದಲ ಘಾತದಲ್ಲಿ. ಭೂಮಿಯ ಮೇಲೆ ಇಂಥ ಮುಂದೊತ್ತು ಇದ್ದಿದ್ದರೆ ಸುಮಾರು 1,200 ವರ್ಷಗಳಲ್ಲಿ ಕಕ್ಷೆ ಇಮ್ಮಡಿಯಾಗುತ್ತಿತ್ತು. ಹೊಯ್ಸಳರ ಕಾಲದಲ್ಲಿ ವರ್ಷಕ್ಕೆ ಎಷ್ಟು ದಿನ ಇರುತ್ತಿತ್ತು ಎಂದು ಯೋಚಿಸಿ. ಹಾಗೆ ಆಗಿಲ್ಲವಾದ್ದರಿಂದ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 19ನೇ ಶತಮಾನದ ಆರಂಭದಲ್ಲೇ ಗುರುತ್ವದ ವೇಗ ಬೆಳಕಿಗಿಂತ ಲಕ್ಷಾಂತರ ಪಟ್ಟು ಹೆಚ್ಚಿರಬೇಕು ಎಂಬ ತೀರ್ಮಾನಕ್ಕೆ ಬಂದಿದ್ದ.

ಸಾಪೇಕ್ಷತೆಯ ಉತ್ತರ ಬೇರೆ. ಗುರುತ್ವ ಬೆಳಕಿನ ವೇಗದಲ್ಲೇ ಹೋಗುತ್ತದೆ, ಆದರೆ ಸೆಳೆತ ಕಾಯದ ಜಾಗದ ಮೇಲೆ ಮಾತ್ರವಲ್ಲ, ಅದರ ವೇಗ ಮತ್ತು ವೇಗೋತ್ಕರ್ಷದ ಮೇಲೂ ನಿಂತಿದೆ. ಈ ಹೆಚ್ಚುವರಿ ಪದಗಳು ತಡವನ್ನು ಮುಂಗಂಡು ಸರಿಪಡಿಸಿದಂತೆ ವರ್ತಿಸಿ, ಸೆಳೆತವನ್ನು ಬಹುತೇಕ ಈಗಿನ ಜಾಗಕ್ಕೇ ತಿರುಗಿಸುತ್ತವೆ. ವಿದ್ಯುತ್ಕಾಂತೀಯದಲ್ಲೂ ಸಮವೇಗದ ವಿದ್ಯುದಂಶದ ಕ್ಷೇತ್ರ ಅದರ ಈಗಿನ ಜಾಗವನ್ನೇ ತೋರಿಸುತ್ತದೆ. ಗುರುತ್ವದಲ್ಲಿ ಈ ಹೊಂದಾಣಿಕೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಹೊಂದದೇ ಉಳಿಯುವ ಚೂರು (ವೇಗ/ಸಿ)⁵ರ ಮಟ್ಟದ್ದು. ಭೂಮಿಗೆ ವೇಗ/ಸಿ ಸುಮಾರು 10⁻⁴, ಅದರ ಐದನೆಯ ಘಾತ 10⁻²⁰. ಸೂತ್ರದ ಸಿ⁵ ಇದೇ. ನಿಮ್ಮ ಬ್ರೇಕ್ ಎಂದರೆ ಆ ಉಳಿಕೆ.

ಸೂತ್ರ ಸಿಕ್ಕಿತು, ನಂಬಿಕೆ ತಡವಾಗಿ ಬಂತು

ಐನ್‌ಸ್ಟೈನ್ 1916ರಲ್ಲಿ ಮೊದಲು ಬರೆದ ಲೆಕ್ಕದಲ್ಲಿ ತಪ್ಪಿತ್ತು. 1918ರಲ್ಲಿ ತಿದ್ದಿದರು, ಆಗಲೂ 2ರ ಒಂದು ಗುಣಕ ತಪ್ಪಿತ್ತು. ಅದನ್ನು 1922ರಲ್ಲಿ ಎಡಿಂಗ್ಟನ್ ಸರಿಮಾಡಿದರು. 1936ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ‘ಗುರುತ್ವದ ಅಲೆಗಳೇ ಇಲ್ಲ’ ಎಂಬ ತೀರ್ಮಾನದ ಪ್ರಬಂಧವನ್ನು ಅಮೆರಿಕದ ಪತ್ರಿಕೆಯೊಂದಕ್ಕೆ ಕಳಿಸಿದರು. ಪರಿಶೀಲಕರು ತಪ್ಪು ತೋರಿಸಿದಾಗ ಐನ್‌ಸ್ಟೈನ್ ಸಿಟ್ಟಾಗಿ ಅದನ್ನು ಹಿಂತೆಗೆದುಕೊಂಡರು. ಕೊನೆಗೆ ತೀರ್ಮಾನ ತಿರುಗಿಸಿ ಬೇರೆ ಪತ್ರಿಕೆಯಲ್ಲಿ 1937ರಲ್ಲಿ ಪ್ರಕಟಿಸಿದರು. ಪೀರ್ ರಿವ್ಯೂ ಬಗ್ಗೆ ಗೊಣಗುವವರು ಇದನ್ನು ನೆನಪಿಡಬೇಕು.

ಇದಕ್ಕಿಂತ ಆಳದ ತೊಡಕು ಒಂದಿತ್ತು, ಅದು ನಿಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. 1918ರ ಸೂತ್ರ ಸರಳಗೊಳಿಸಿದ, ರೇಖೀಯ ಸಮೀಕರಣಗಳಿಂದ ಬಂದದ್ದು. ಆ ಸಮೀಕರಣಗಳಲ್ಲಿ ಕಾಯಗಳು ಒಂದನ್ನೊಂದು ಸೆಳೆಯುವುದೇ ಇಲ್ಲ. ಪ್ರತಿಯೊಂದೂ ನೇರ ಗೆರೆಯಲ್ಲಿ ಸಾಗಬೇಕು. ಜೋಡಿ ನಕ್ಷತ್ರಗಳು ಸುತ್ತುವುದೇ ಪರಸ್ಪರ ಸೆಳೆತದಿಂದ. ಸುತ್ತಲು ಬಿಡದ ಸಮೀಕರಣದಿಂದ ಪಡೆದ ಸೂತ್ರವನ್ನು ಸುತ್ತುತ್ತಿರುವ ಜೋಡಿಗೆ ಅನ್ವಯಿಸಿದರೆ ಅದಕ್ಕೆ ಬುಡವಿಲ್ಲ. ಉತ್ತರ ಕೊನೆಗೆ ಸರಿಯೇ ಬರುತ್ತದೆ, ಆದರೆ ಅದನ್ನು ತೋರಿಸಲು ಮುಂದಿನ, ರೇಖೀಯವಲ್ಲದ ಮಟ್ಟಕ್ಕೆ ಹೋಗಿ ಗುರುತ್ವ ಕ್ಷೇತ್ರದ ಸ್ವಂತ ಒತ್ತಡವನ್ನೂ ಮೂಲದಲ್ಲಿ ಸೇರಿಸಬೇಕು. ಚತುರ್ಧ್ರುವವನ್ನು ಎರಡನೆಯ ಬಾರಿ ಅವಕಲಿಸುವಾಗ ವೇಗೋತ್ಕರ್ಷದ ಜಾಗದಲ್ಲಿ ನ್ಯೂಟನ್ನರ ಸೆಳೆತ ಹಾಕುತ್ತೇವಲ್ಲ, ಆ ಒತ್ತಡ ಅಲ್ಲಿ ಸದ್ದಿಲ್ಲದೆ ಒಳಗೆ ಬಂದುಬಿಡುತ್ತದೆ. ಪಠ್ಯಪುಸ್ತಕಗಳು ಈ ಹೆಜ್ಜೆಯನ್ನು ಒಂದು ಸಾಲಿನಲ್ಲಿ ದಾಟಿಸುತ್ತವೆ, ದಾಟಿಸಬಾರದು. 1976ರಲ್ಲಿ ಏಲರ್ಸ್, ರೋಸೆನ್‌ಬ್ಲಮ್, ಗೋಲ್ಡ್‌ಬರ್ಗ್, ಹವಾಸ್ ಎಂಬ ನಾಲ್ವರು ಇದನ್ನೇ ಎತ್ತಿ, ಜೋಡಿ ನಕ್ಷತ್ರಗಳಿಗೆ ಈ ಸೂತ್ರ ಸಿದ್ಧವಾಗಿಲ್ಲ ಎಂದರು. 1980ರ ದಶಕದ ಆರಂಭದಲ್ಲಿ ದಾಮೂರ್ ಮತ್ತು ದೆರ್ಯುಯೆಲ್ ಚಲನೆಯ ಸಮೀಕರಣಗಳನ್ನೇ (ವೇಗ/ಸಿ)⁵ ಮಟ್ಟದವರೆಗೆ ಬಿಡಿಸಿ ಎಳೆತ ನೇರವಾಗಿ ಬರುವುದನ್ನು ತೋರಿಸಿದರು.

ಇನ್ನು ಅಲೆ ಶಕ್ತಿ ಒಯ್ಯುತ್ತದೆಯೇ ಎಂಬ ಜಗಳ. ಗುರುತ್ವದ ಶಕ್ತಿ ಇಂಥ ಬಿಂದುವಿನಲ್ಲಿ ಇಷ್ಟಿದೆ ಎಂದು ಹೇಳಲಾಗದು, ಏಕೆಂದರೆ ಮುಕ್ತವಾಗಿ ಬೀಳುವವನಿಗೆ ಅಲ್ಲಿ ಗುರುತ್ವವೇ ಕಾಣುವುದಿಲ್ಲ. 1957ರ ಚಾಪೆಲ್ ಹಿಲ್ ಸಮ್ಮೇಳನದಲ್ಲಿ ಫೈನ್‌ಮನ್ ಹೇಳಿದ ಉದಾಹರಣೆ ಇದನ್ನು ಬಗೆಹರಿಸಿತು: ಒರಟು ಕೋಲಿನ ಮೇಲೆ ಎರಡು ಮಣಿ ಪೋಣಿಸಿ, ಅಲೆ ಹಾದಾಗ ಮಣಿಗಳು ಹಿಂದೆ ಮುಂದೆ ಜಾರುತ್ತವೆ, ಕೋಲಿಗೆ ಉಜ್ಜಿ ಬಿಸಿಯಾಗುತ್ತವೆ. ಬಿಸಿ ಬಂದಿತೆಂದರೆ ಶಕ್ತಿ ಬಂದಿದೆ. ಬೊಂಡಿ ಮತ್ತು ಸಂಗಡಿಗರು 1962ರಲ್ಲಿ ಬಹುದೂರದಿಂದ ಅಳೆದ ಒಟ್ಟು ರಾಶಿ ಅಲೆ ಹೊರಟಾಗ ಕಡಿಮೆಯಾಗುತ್ತದೆ ಎಂದು ಪೂರ್ಣ ಸಿದ್ಧಾಂತದಲ್ಲೇ ಸಾಧಿಸಿದರು. ಹತ್ತಿರದಲ್ಲಿ ಬ್ರೇಕಿನ ರೂಪ ನೀವು ಆರಿಸುವ ನಿರ್ದೇಶಾಂಕಕ್ಕೆ ತಕ್ಕಂತೆ ಬದಲಾಗುತ್ತದೆ, ದೂರದಲ್ಲಿ ಕಳೆದ ಶಕ್ತಿ ಬದಲಾಗುವುದಿಲ್ಲ. ಯಾವುದನ್ನು ನಂಬಬೇಕೆಂದು ಗೊಂದಲವಾದಾಗ ದೂರದ್ದನ್ನು ಹಿಡಿಯಿರಿ.

ನೀವೇ ಹಾಕಬಹುದಾದ ಲೆಕ್ಕ: 1913ರ ಪಲ್ಸಾರ್

ಇಲ್ಲಿ 1913 ಇಸವಿಯಲ್ಲ, ಆಕಾಶದಲ್ಲಿನ ಸ್ಥಾನಸಂಖ್ಯೆ: ಬಿ1913+16. 1974ರಲ್ಲಿ ಹಲ್ಸ್ ಮತ್ತು ಟೇಲರ್ ಅರೆಸಿಬೋ ದೂರದರ್ಶಕದಿಂದ ಕಂಡ ಜೋಡಿ. ಒಂದು ಪಲ್ಸಾರ್, ಅಂದರೆ ವೇಗವಾಗಿ ತಿರುಗುತ್ತ ರೇಡಿಯೋ ಮಿಡಿತ ಕಳಿಸುವ ನ್ಯೂಟ್ರಾನ್ ನಕ್ಷತ್ರ, 59 ಮಿಲಿಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಜೊತೆಗಾರ ಇನ್ನೊಂದು ನ್ಯೂಟ್ರಾನ್ ನಕ್ಷತ್ರ. ರಾಶಿಗಳು ಸೂರ್ಯನ 1.438 ಮತ್ತು 1.390 ಪಟ್ಟು, ಕಕ್ಷೆಯ ಅವಧಿ 27,907 ಸೆಕೆಂಡ್, ಅಂದರೆ ಸುಮಾರು 7.75 ಗಂಟೆ, ಉತ್ಕೇಂದ್ರತೆ (ಕಕ್ಷೆ ವೃತ್ತದಿಂದ ಎಷ್ಟು ಉದ್ದವಾಗಿದೆ ಎಂಬುದರ ಅಳತೆ, ವೃತ್ತಕ್ಕೆ ಅದು 0) 0.617.

ಮೊದಲು ಕೆಪ್ಲರ್ ನಿಯಮದಿಂದ ಅರ್ಧ ದೀರ್ಘಾಕ್ಷ ತೆಗೆಯಿರಿ: 1.95×10⁹ ಮೀಟರ್. ಎರಡು ನಕ್ಷತ್ರಗಳ ಇಡೀ ಕಕ್ಷೆ ಸೂರ್ಯನ ಗಾತ್ರದ ಆಸುಪಾಸಿನದು. ವೃತ್ತದ ಸೂತ್ರಕ್ಕೆ ಹಾಕಿದರೆ 6.6×10²³ ವ್ಯಾಟ್. ಇಲ್ಲಿಗೆ ನಿಲ್ಲಿಸಿದರೆ ಉತ್ತರ 12 ಪಟ್ಟು ಕಡಿಮೆ. ಕಕ್ಷೆ ಉದ್ದನೆಯ ದೀರ್ಘವೃತ್ತ, ಹತ್ತಿರ ಬಂದಾಗ ಹೊಮ್ಮುವ ಅಲೆ ಉಳಿದೆಲ್ಲವನ್ನೂ ಮೀರಿಸುತ್ತದೆ. 1963ರಲ್ಲಿ ಪೀಟರ್ಸ್ ಮತ್ತು ಮ್ಯಾಥ್ಯೂಸ್ ಕೊಟ್ಟ ವರ್ಧಕ ಇದು, ಉತ್ಕೇಂದ್ರತೆ ‘ಇ’ ಆದರೆ:

(1 + 73/24 ಇ² + 37/96 ಇ⁴) / (1 − ಇ²)^(7/2)

0.617ಕ್ಕೆ ಇದು 11.8. ಗುಣಿಸಿದರೆ 7.8×10²⁴ ವ್ಯಾಟ್, ಸೂರ್ಯನ ಬೆಳಕಿನ ನೂರರಲ್ಲಿ ಎರಡು ಪಾಲು. ಅವಧಿ ಬದಲಾಗುವ ದರ ಬೇಕಾದರೆ: ಋಣ 3/2 × ಅವಧಿ × (ಹೊಮ್ಮುವ ದರ / ಕಕ್ಷೆಯ ಶಕ್ತಿಯ ಪ್ರಮಾಣ). ಕಕ್ಷೆಯ ಶಕ್ತಿ 1.35×10⁴¹ ಜೂಲ್. ಉತ್ತರ −2.40×10⁻¹², ಅಂದರೆ ವರ್ಷಕ್ಕೆ 76 ಮೈಕ್ರೋಸೆಕೆಂಡ್. ಕಕ್ಷೆ ವರ್ಷಕ್ಕೆ 3.5 ಮೀಟರ್ ಕುಗ್ಗುತ್ತದೆ, ಸುಮಾರು 30 ಕೋಟಿ ವರ್ಷಗಳಲ್ಲಿ ಎರಡೂ ಕೂಡಿಕೊಳ್ಳುತ್ತವೆ.

ಸಾವಿರಾರು ಜ್ಯೋತಿರ್ವರ್ಷ ದೂರದಲ್ಲಿ ವರ್ಷಕ್ಕೆ 3.5 ಮೀಟರ್ ಅಳೆಯುವುದು ಹೇಗೆ? ಅಳೆಯುವುದು ಮೀಟರನ್ನಲ್ಲ, ಗಡಿಯಾರವನ್ನು. ಪ್ರತಿ ಸುತ್ತು ತುಸು ಬೇಗ ಮುಗಿಯುತ್ತದೆ, ಬೇಗ ಮುಗಿದದ್ದು ಮುಂದಿನ ಸುತ್ತಿಗೆ ಸೇರುತ್ತದೆ. ಹನಿಗೂಡಿ ಹಳ್ಳ: ಒಟ್ಟು ಮುಂಚಿತತೆ ಕಾಲದ ವರ್ಗದಂತೆ ಬೆಳೆದು 30 ವರ್ಷಕ್ಕೆ ಸುಮಾರು 39 ಸೆಕೆಂಡ್ ಆಗುತ್ತದೆ. ಅದನ್ನು ಮರೆಮಾಚುವುದೇ ಕಷ್ಟ. ಆದರೆ ನೇರ ಅಳತೆ ಸೂತ್ರಕ್ಕೆ ಹೊಂದುವುದಿಲ್ಲ, −2.42×10⁻¹² ಬರುತ್ತದೆ, ಸುಮಾರು ಶೇಕಡಾ 1 ಹೆಚ್ಚು. ಸಿದ್ಧಾಂತ ತಪ್ಪಲ್ಲ. ನಮ್ಮ ಸೂರ್ಯವ್ಯೂಹವೂ ಆ ಜೋಡಿಯೂ ಆಕಾಶಗಂಗೆಯ ಕೇಂದ್ರವನ್ನು ಬೇರೆ ಬೇರೆ ದೂರದಲ್ಲಿ ಸುತ್ತುತ್ತಿವೆ. ಅವುಗಳ ವೇಗೋತ್ಕರ್ಷದ ವ್ಯತ್ಯಾಸ ಡಾಪ್ಲರ್ ಪರಿಣಾಮದ ಮೂಲಕ ಅವಧಿಯ ಬದಲಾವಣೆಯಂತೆಯೇ ನಟಿಸುತ್ತದೆ. ಅದನ್ನು ಕಳೆದ ಮೇಲೆ ಹೊಂದಿಕೆ ಶೇಕಡಾ 0.2ರೊಳಗೆ. ಈಗ ಈ ಜೋಡಿಯ ಪರೀಕ್ಷೆಯ ನಿಖರತೆಗೆ ಕಡಿವಾಣ ಹಾಕಿರುವುದು ಸಾಪೇಕ್ಷತೆಯಲ್ಲ, ಅದರ ದೂರ ಎಷ್ಟು ಖಚಿತವಾಗಿ ಗೊತ್ತು ಎಂಬುದು. ಹಲ್ಸ್, ಟೇಲರ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಇಂಥ ಪಲ್ಸಾರ್‌ಗಳು ವಯಸ್ಸಾದರೂ ಇಷ್ಟು ವೇಗವಾಗಿ ತಿರುಗುವುದೇಕೆ ಎಂಬ ವಿಷಯದಲ್ಲಿ ನಮ್ಮೂರಿನ ಕೊಡುಗೆ ಇದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ 1982ರಲ್ಲಿ, ಜೊತೆಗಾರ ನಕ್ಷತ್ರದಿಂದ ಸುರಿಯುವ ದ್ರವ್ಯ ಮುದಿ ಪಲ್ಸಾರನ್ನು ಮತ್ತೆ ಬುಗುರಿಯಂತೆ ತಿರುಗಿಸುತ್ತದೆ ಎಂದು ವಾದಿಸಿದರು. ಅಂಥ ಮರುಬಳಕೆಯ ಪಲ್ಸಾರ್‌ಗಳೇ ಅತ್ಯಂತ ಸ್ಥಿರ ಗಡಿಯಾರಗಳು. ಅದಿಲ್ಲದೆ ಮೇಲಿನ 39 ಸೆಕೆಂಡ್ ನಮಗೆ ಸಿಗುತ್ತಿರಲಿಲ್ಲ.

ಕೊನೆಯ ಓಟ

ಆವರ್ತಾಂಕ ಎಷ್ಟು ಬೇಗ ಏರುತ್ತದೆ ಎಂಬುದು ಎರಡು ರಾಶಿಗಳ ಒಂದೇ ಒಂದು ಕೂಟದ ಮೇಲೆ ನಿಂತಿದೆ: ಗುಣಲಬ್ಧದ 3/5ನೇ ಘಾತವನ್ನು ಮೊತ್ತದ 1/5ನೇ ಘಾತದಿಂದ ಭಾಗಿಸಿದ್ದು. ಹಕ್ಕಿಯ ಚಿಲಿಪಿಲಿಯಂತೆ ಸ್ವರ ಏರುವುದರಿಂದ ಇದಕ್ಕೆ ಚರ್ಪ್ ರಾಶಿ ಎಂದು ಹೆಸರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಗುರುತ್ವದ ಅಲೆಗಳ ಪತ್ತೆಕಾರಕ ಲೈಗೊ ಕಂಡ ಮೊದಲ ಅಲೆಯಲ್ಲಿ ಅದು ಸೂರ್ಯನ ಸುಮಾರು 30 ಪಟ್ಟು, ಕಪ್ಪುಕುಳಿಗಳ ರಾಶಿ 36 ಮತ್ತು 29. ಆ ಎರಡರಿಂದ ಲೆಕ್ಕ ಹಾಕಿದರೆ 28 ಬರುತ್ತದೆ, 30 ಅಲ್ಲ. ವಿಶ್ವದ ಹಿಗ್ಗುವಿಕೆಯಿಂದ ಅಲೆ ಹಿಗ್ಗಿ ಬಂದಿರುವುದರಿಂದ ನಮಗೆ ಕಾಣುವ ರಾಶಿ ಶೇಕಡಾ 9ರಷ್ಟು ಹೆಚ್ಚು. ಇದನ್ನು ಮರೆತು ‘ಅಂಕಿ ಹೊಂದುತ್ತಿಲ್ಲ’ ಎನ್ನುವವರು ಬಹಳ.

ಚತುರ್ಧ್ರುವ ಸೂತ್ರದಿಂದಲೇ ಉಳಿದ ಸಮಯವನ್ನೂ ತೆಗೆಯಬಹುದು: 35 ಹರ್ಟ್ಸ್‌ನಿಂದ ಕೂಡುವವರೆಗೆ 0.17 ಸೆಕೆಂಡ್. ನಿಜವಾಗಿ ಕಂಡದ್ದು ಸುಮಾರು 0.2 ಸೆಕೆಂಡ್. 150 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 75 ಸುತ್ತು ಹಾಕುವಾಗ, ಎರಡರ ನಡುವಿನ ದೂರ ಸುಮಾರು 350 ಕಿ.ಮೀ. ಬೆಂಗಳೂರಿಂದ ಮಂಗಳೂರಿನಷ್ಟು. ಸೂರ್ಯನ 60 ಪಟ್ಟಿಗೂ ಮೀರಿದ ರಾಶಿ ಅಷ್ಟು ಜಾಗದಲ್ಲಿ ಒಂದಕ್ಕೊಂದು ತಾಗದೆ ಸುತ್ತಬೇಕಾದರೆ ಅವು ಕಪ್ಪುಕುಳಿಗಳಲ್ಲದೆ ಬೇರೇನೂ ಆಗಿರಲಾರವು. ಮೂರು ಸೂರ್ಯರಷ್ಟು ರಾಶಿ ಅಲೆಯಾಗಿ ಹೋಯಿತು, ಇಲ್ಲಿ ಲೈಗೊದ 4 ಕಿ.ಮೀ. ತೋಳು ಬದಲಾದದ್ದು 4×10⁻¹⁸ ಮೀಟರ್.

2017ರ ಆಗಸ್ಟ್ 17ರ ನ್ಯೂಟ್ರಾನ್ ನಕ್ಷತ್ರಗಳ ಜೋಡಿಯಲ್ಲಿ ಚರ್ಪ್ ರಾಶಿ 1.188 ಮಾತ್ರ, ಆದ್ದರಿಂದ ಓಟ ಉದ್ದ: 24 ಹರ್ಟ್ಸ್‌ನಿಂದ 100 ಸೆಕೆಂಡ್. ಕೂಡಿ 1.7 ಸೆಕೆಂಡಿಗೆ ಗಾಮಾ ಕಿರಣ ಬಂತು. 13 ಕೋಟಿ ವರ್ಷ ಪ್ರಯಾಣ ಮಾಡಿ ಎರಡೂ ಹೀಗೆ ಜೊತೆಯಲ್ಲಿ ಬಂದವೆಂದರೆ ಗುರುತ್ವದ ವೇಗದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಲಾಪ್ಲಾಸನಿಗೆ ಉತ್ತರ ಸಿಕ್ಕಿತು.

ಪೂರ್ಣ ಉತ್ತರ ಯಾಕಿಲ್ಲ

ನ್ಯೂಟನ್ನರಲ್ಲಿ ಎರಡು ಕಾಯಗಳ ಚಲನೆಗೆ ಆರು ನಿರ್ದೇಶಾಂಕ ಸಾಕು. ಇಲ್ಲಿ ಕ್ಷೇತ್ರವೂ ಪಾತ್ರಧಾರಿ. ಪ್ರತಿ ಬಿಂದುವಿನಲ್ಲೂ ಅದಕ್ಕೆ ಸ್ವಂತ ಚಲನೆ ಇದೆ, ಅದು ತನ್ನನ್ನೇ ತಾನು ಬಾಗಿಸಿಕೊಳ್ಳುತ್ತದೆ. ಹೊರಟ ಅಲೆಯೂ ಜೋಡಿಯ ಒಟ್ಟು ರಾಶಿಯ ಬಾಗಿಗೆ ತಾಗಿ ಚದುರಿ ತಡವಾಗಿ ಬರುತ್ತದೆ. ಇದಕ್ಕೆ ‘ಬಾಲ’ ಎನ್ನುತ್ತಾರೆ, ಇದರಿಂದಾಗಿ ಈ ಕ್ಷಣದ ಅಲೆ ಜೋಡಿಯ ಹಿಂದಿನ ಇಡೀ ಚರಿತ್ರೆಯನ್ನು ಹೊತ್ತಿರುತ್ತದೆ. ಹಾಗಾಗಿ ವೇಗ/ಸಿಯ ಘಾತಗಳ ಸರಣಿಯಾಗಿ ಹೆಜ್ಜೆ ಹೆಜ್ಜೆಗೂ ಬಿಡಿಸುತ್ತಾರೆ. ಕಾಯಗಳನ್ನು ಬಿಂದುಗಳೆಂದು ಹಿಡಿದರೆ ಬಿಂದುವಿನಲ್ಲೇ ಕ್ಷೇತ್ರ ಅನಂತ. ಅದನ್ನು ಕಳೆಯುವ ಹಳೆಯ ವಿಧಾನ (ವೇಗ/ಸಿ)⁶ರ ಮಟ್ಟದಲ್ಲಿ ಕೈಕೊಟ್ಟು ಕೆಲವು ಗುಣಾಂಕಗಳನ್ನು ಅನಿಶ್ಚಿತವಾಗಿ ಬಿಟ್ಟಿತು. ದೇಶದ ಆಯಾಮವನ್ನೇ 3ರಿಂದ ತುಸು ಸರಿಸಿ ಲೆಕ್ಕ ಮಾಡಿ ಮರಳಿ 3ಕ್ಕೆ ತರುವ ತಂತ್ರದಿಂದ 2004ರ ಹೊತ್ತಿಗೆ ಅದು ಬಗೆಹರಿಯಿತು. ಆ ಕೆಲಸದಲ್ಲಿ ಬ್ಲಾಂಶೆ, ದಾಮೂರ್ ಅವರ ಜೊತೆ ರಾಮನ್ ಸಂಸ್ಥೆಯ ಬಾಲಾ ಅಯ್ಯರ್ ಇದ್ದರು. 2023ರಲ್ಲಿ ಸರಣಿ (ವೇಗ/ಸಿ)⁹ರವರೆಗೆ ಮುಟ್ಟಿತು.

ಇಷ್ಟು ಶ್ರಮ ಯಾಕೆಂದರೆ ಪತ್ತೆಕಾರಕದ ಗದ್ದಲದಲ್ಲಿ ಅಲೆಯನ್ನು ಹುಡುಕುವುದು ಮೊದಲೇ ಬರೆದಿಟ್ಟ ಅಲೆಯಾಕಾರದೊಂದಿಗೆ ಹೋಲಿಸಿ. ನೂರಾರು ಸುತ್ತುಗಳಲ್ಲಿ ಕಾಲು ಸುತ್ತು ತಪ್ಪಿದರೂ ಉಬ್ಬು ತಗ್ಗಿನ ಮೇಲೆ ಕುಳಿತು ಹೋಲಿಕೆ ಹಾಳು. ಕೊನೆಯ ಕೆಲವು ಸುತ್ತುಗಳಲ್ಲಿ ವೇಗ ಸಿಯ ಅರ್ಧದ ಹತ್ತಿರ ಹೋದಾಗ ಸರಣಿಯೂ ಕೈಬಿಡುತ್ತದೆ; ಆಗ ಸೂಪರ್‌ಕಂಪ್ಯೂಟರ್. 2005ರಲ್ಲಿ ಪ್ರಿಟೋರಿಯಸ್ ಮೊದಲ ಬಾರಿ ಎರಡು ಕಪ್ಪುಕುಳಿಗಳನ್ನು ಕಂಪ್ಯೂಟರಿನಲ್ಲಿ ಕೊನೆಯವರೆಗೆ ಕೂಡಿಸಿದರು. ಅದಕ್ಕೆ ಮೊದಲು ದಶಕಗಳ ಕಾಲ ಪ್ರೋಗ್ರಾಮುಗಳು ಅರ್ಧಕ್ಕೇ ಮಗುಚಿಕೊಳ್ಳುತ್ತಿದ್ದವು, ಸಣ್ಣ ಸಂಖ್ಯಾದೋಷವೂ ಘಾತೀಯವಾಗಿ ಬೆಳೆಯುತ್ತಿತ್ತು.

ಕೂಡಿದ ಮೇಲಿನ ಕುಳಿ ಬಾರಿಸಿದ ಗಂಟೆಯಂತೆ ಮಿಡಿದು ತಣ್ಣಗಾಗುತ್ತದೆ. 2015ರ ಕುಳಿಗೆ ಸುಮಾರು 250 ಹರ್ಟ್ಸ್, ತಣಿಯುವ ಕಾಲ 4 ಮಿಲಿಸೆಕೆಂಡ್. ಕಪ್ಪುಕುಳಿ ಹೀಗೆ ಮಿಡಿಯುವುದನ್ನು 1970ರಲ್ಲಿ ಲೆಕ್ಕದಲ್ಲಿ ಕಂಡವರು ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ. ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿದ ನಿರ್ದೇಶಕರೆಂದು ಊರಿಗೆ ಅವರು ಹೆಚ್ಚು ಪರಿಚಿತ. ಲೈಗೊದ ಗಂಟೆನಾದ ಕೇಳುವವರೆಗೂ ಅವರಿದ್ದರು, 2017ರ ಜನವರಿಯಲ್ಲಿ ತೀರಿಕೊಂಡರು.

ನೀವು ಅಭ್ಯಾಸಕ್ಕೆ ಇನ್ನೊಂದು ಲೆಕ್ಕ ಹಾಕಬೇಕೆಂದರೆ 2003ರಲ್ಲಿ ಸಿಕ್ಕ ಜೋಡಿ ಪಲ್ಸಾರ್ ಜೆ0737−3039 ತೆಗೆದುಕೊಳ್ಳಿ. ರಾಶಿ 1.338 ಮತ್ತು 1.249, ಅವಧಿ 8,834.5 ಸೆಕೆಂಡ್, ಉತ್ಕೇಂದ್ರತೆ 0.088. ದೀರ್ಘಾಕ್ಷದ ಅರ್ಧ 8.8×10⁸ ಮೀಟರ್, ವರ್ಧಕ 1.05, ಹೊಮ್ಮುವ ದರ 2.4×10²⁵ ವ್ಯಾಟ್, ಅವಧಿಯ ಬದಲಾವಣೆ −1.25×10⁻¹² ಬರಬೇಕು. −0.83×10⁻¹² ಬಂದರೆ 3/2 ಬಿಟ್ಟಿದ್ದೀರಿ. −1.19×10⁻¹² ಬಂದರೆ ವರ್ಧಕ ಬಿಟ್ಟಿದ್ದೀರಿ. ಸುಮಾರು ಎರಡೂವರೆ ಪಟ್ಟು ಹೆಚ್ಚು ಬಂದರೆ ಕೆಪ್ಲರ್ ನಿಯಮಕ್ಕೆ ಒಂದೇ ನಕ್ಷತ್ರದ ರಾಶಿ ಹಾಕಿದ್ದೀರಿ. ಹತ್ತಾರು ಪಟ್ಟು ವ್ಯತ್ಯಾಸ ಬಂದರೆ ಘಾತಗಳನ್ನು ಕೂಡುವಾಗ ಜಾರಿದ್ದೀರೋ ನೋಡಿ.